ನಿಂತ ಗಾಡಿಗೂ ಮುಚ್ಚಿದ ಗೇಟು

ನಿಲ್ದಾಣಕ್ಕೆ ಹೊಂದಿಕೊಂಡಂತೆಯೇ ರಸ್ತೆಯೊಂದು ಹಳಿಗಳನ್ನು ಹಾಯ್ದು ಹೋಗುವ ಊರುಗಳು ನಮ್ಮ ದೇಶದಲ್ಲಿ ಹಲವಾರಿವೆ. ಅಂಥ ಊರಿನವರಿಗೆ ರೈಲ್ವೆ ಗೇಟಿನ ಮುಂದೆ ಕಾಯುವುದು ದಿನಚರಿಯ ಒಂದು ಭಾಗವೇ ಆಗಿರುತ್ತದೆ. ಗಾಡಿ ಓಡಿ ಬರುತ್ತಿರುವಾಗ ಗೇಟು ಮುಚ್ಚಿದ್ದರೆ ಯಾರೂ ಆಕ್ಷೇಪಿಸರು. ಆದರೆ ಗಾಡಿ ಬಂದು ಪ್ಲಾಟ್‌ಫಾರಮ್ಮಿನಲ್ಲಿ ನಿಂತಿದೆ. ಜನ ಇಳಿಯುತ್ತಿದ್ದಾರೆ, ಹತ್ತುತ್ತಿದ್ದಾರೆ. ಎಂಜಿನ್ನು ಗೇಟಿಗೆ ಕೂಗಳತೆಯ ದೂರದಲ್ಲಿ ಕದಲದೆ ನಿಂತಿರುವುದು ಎಲ್ಲರ ಕಣ್ಣಿಗೂ ಕಾಣುತ್ತಿದೆ. ಆದರೂ ಗೇಟು ತೆರೆಯುವುದಿಲ್ಲ. ಕಾದು ನಿಂತವರ ಸಹನೆ ಕೆಡುವುದು ಇಂಥ ಹೊತ್ತಿನಲ್ಲಿಯೇ. “ನಿಂತ ಗಾಡಿಗೆ ಗೇಟೇಕೆ?” ಎಂದು ಕೆಲವರು ಗೊಣಗುತ್ತಾರೆ, ಕೆಲವರು ಗೇಟಿನ ಕಾವಲುಗಾರನನ್ನು ಸೋಮಾರಿಯೆಂದು ಜರೆಯುತ್ತಾರೆ, ಇನ್ನು ಕೆಲವರು ಸೈಕಲ್ಲನ್ನು ಓರೆಮಾಡಿ ಅಡ್ಡಕಂಬದ ಕೆಳಗೆ ನುಸುಳಿಯೇಬಿಡುತ್ತಾರೆ.

ಪ್ರಶ್ನೆಯೇನೋ ಅನುಚಿತವಾದುದಲ್ಲ. ಅದಕ್ಕೆ ಸಮಾಧಾನಕರವಾದ ಉತ್ತರವೂ ಇದೆ. ಆದರೆ ಆ ಉತ್ತರ ಗೇಟಿನ ಬಳಿ ದೊರೆಯತಕ್ಕದ್ದಲ್ಲ. ಗೇಟು, ಸಿಗ್ನಲ್, ಗಾಡಿಯ ಬ್ರೇಕು ಈ ಮೂರಕ್ಕೂ ಇರುವ ನಂಟನ್ನು ಅರಿತರೆ ಮಾತ್ರ ಅದು ತಿಳಿದೀತು.

ಕಂಡ ಮೇಲೆ ನಿಲ್ಲಿಸಲಾಗದ ವಾಹನ

ರಸ್ತೆಯ ಮೇಲೆ ಹೋಗುವ ವಾಹನದ ಚಾಲಕ ಎದುರಿಗೆ ಅಡ್ಡಿಯನ್ನು ಕಂಡು, ಆ ಬಳಿಕ ಬ್ರೇಕು ಒತ್ತಿ ನಿಲ್ಲಿಸಬಲ್ಲ. ರೈಲುಗಾಡಿಯ ಚಾಲಕನಿಗೆ ಆ ಸ್ವಾತಂತ್ರ್ಯವಿಲ್ಲ. ರಬ್ಬರಿನ ಗಾಲಿ ಒಣರಸ್ತೆಯನ್ನು ಹಿಡಿದುಕೊಳ್ಳುವಷ್ಟು ಬಿಗಿಯಾಗಿ ಉಕ್ಕಿನ ಗಾಲಿಯು ಉಕ್ಕಿನ ಹಳಿಯನ್ನು ಹಿಡಿದುಕೊಳ್ಳಲಾರದು. ಘರ್ಷಣೆ ಅಲ್ಪವಾಗಿರುವುದರಿಂದಲೇ ಒಂದು ಎಂಜಿನ್ನು ಸಾವಿರ ಟನ್ನಿಗೂ ಮೀರಿದ ಭಾರವನ್ನು ಲೀಲಾಜಾಲವಾಗಿ ಎಳೆದೊಯ್ಯುತ್ತದೆ. ಅದೇ ಕಾರಣದಿಂದ ಆ ಭಾರವನ್ನು ಥಟ್ಟನೆ ನಿಲ್ಲಿಸುವುದು ಅಸಾಧ್ಯವಾಗುತ್ತದೆ.

ಒಂದು ಸಣ್ಣ ಲೆಕ್ಕ ಮಾಡಿ ನೋಡೋಣ. ಗಂಟೆಗೆ ೧೦೦ ಕಿಲೋಮೀಟರು ವೇಗದ ಗಾಡಿ ಪ್ರತಿ ಸೆಕೆಂಡಿಗೆ ಸುಮಾರು ೨೮ ಮೀಟರು ಸಾಗುತ್ತದೆ. ಬ್ರೇಕು ಆ ವೇಗವನ್ನು ಸೆಕೆಂಡಿಗೆ ಅರ್ಧ ಮೀಟರಿನಂತೆ ಕುಗ್ಗಿಸುತ್ತದೆಂದು ಇಟ್ಟುಕೊಂಡರೆ, ಗಾಡಿ ನಿಲ್ಲಲು ೫೬ ಸೆಕೆಂಡು ಬೇಕು. ಅಷ್ಟರೊಳಗೆ ಅದು ಸುಮಾರು ೭೭೦ ಮೀಟರು ಮುಂದೆ ಬಂದಿರುತ್ತದೆ. ಅದೇ ವೇಗದ ಮೋಟಾರು ಕಾರನ್ನು ಸೆಕೆಂಡಿಗೆ ಆರು ಮೀಟರಿನಂತೆ ಕುಗ್ಗಿಸುವುದು ಸಾಧ್ಯ. ಅದು ಸುಮಾರು ೬೫ ಮೀಟರಿನಲ್ಲಿ ನಿಂತೀತು. ತಿರುವಿನಲ್ಲಿಯೋ ಮಂಜಿನಲ್ಲಿಯೋ ರೈಲುಚಾಲಕನಿಗೆ ೭೭೦ ಮೀಟರು ದೂರದ ಎತ್ತಿನ ಗಾಡಿ ಕಾಣುವುದೇ ಇಲ್ಲ. ಕಂಡರೂ ಆ ವೇಳೆಗೆ ಅವನಿಂದ ಮಾಡಬಹುದಾದುದು ಏನೂ ಉಳಿದಿರುವುದಿಲ್ಲ.

ಆದುದರಿಂದ ರೈಲುಚಾಲಕ ಕಣ್ಣಿಗೆ ಕಾಣುವ ರಸ್ತೆಯನ್ನು ನಂಬಿ ಗಾಡಿ ಓಡಿಸುವುದಿಲ್ಲ. ಸಿಗ್ನಲನ್ನು ನಂಬಿ ಓಡಿಸುತ್ತಾನೆ. ಹಿಂದೆ ಹಲಗೆಯ ಕೈಯನ್ನು ಬಾಗಿಸಿ ಸೂಚನೆ ಕೊಡುತ್ತಿದ್ದ ಕೈಮರಗಳ ಸ್ಥಾನದಲ್ಲಿ ಈಗ ಬಹುಮಟ್ಟಿಗೆ ಬಣ್ಣದ ದೀಪಗಳು ಬಂದಿವೆ. ಕೆಲಸ ಮಾತ್ರ ಒಂದೇ. ಸಿಗ್ನಲ್ ಅನುಮತಿ ಕೊಟ್ಟಿದೆಯೆಂದರೆ, ಮುಂದಿನ ಹಾದಿಯಲ್ಲಿ ಬೇರೆ ಗಾಡಿಯಿಲ್ಲ, ಕವಲುಹಳಿಗಳು ಸರಿಯಾಗಿ ಜೋಡಿಸಿವೆ, ಹಾದಿಯಲ್ಲಿರುವ ಗೇಟುಗಳು ರಸ್ತೆಯ ಕಡೆಗೆ ಮುಚ್ಚಿ ಬೀಗ ಬಿದ್ದಿವೆ ಎಂದು ಅರ್ಥ. ಈ ಮೂರನೆಯ ಅಂಶವೇ ನಮ್ಮ ಇಂದಿನ ವಿಷಯ.

ಒಂದು ಬೀಗದ ಕೈಯ ಪ್ರಯಾಣ

ನಮ್ಮ ರೈಲ್ವೆಯಲ್ಲಿ ಕಾವಲುಗಾರರಿರುವ ಗೇಟುಗಳಲ್ಲಿ ಎರಡು ಬಗೆ. ನಿಲ್ದಾಣದ ಎಲ್ಲೆಯೊಳಗಿರುವ ಗೇಟುಗಳನ್ನು ಸಂಚಾರ ವಿಭಾಗದವರು ಸ್ಟೇಷನ್ ಮಾಸ್ತರರ ಅಧೀನದಲ್ಲಿ ನಡೆಸುತ್ತಾರೆ. ನಿಲ್ದಾಣಗಳ ನಡುವಣ ಬಯಲಿನಲ್ಲಿರುವ ಗೇಟುಗಳು ಸಾಮಾನ್ಯವಾಗಿ ಹಳಿಗಳ ಪೋಷಣೆಯನ್ನು ನೋಡಿಕೊಳ್ಳುವ ಎಂಜಿನಿಯರಿಂಗ್ ವಿಭಾಗಕ್ಕೆ ಸೇರಿದವು. ಪ್ಲಾಟ್‌ಫಾರಮ್ಮಿಗೆ ಸಮೀಪದ ಗೇಟು ಮೊದಲನೆಯ ಬಗೆಯದು. ಅಲ್ಲಿರುವ ಕಾವಲುಗಾರ ತನ್ನ ಇಚ್ಛೆಯಂತೆ ಗೇಟನ್ನು ತೆರೆಯುವುದಕ್ಕಾಗಲಿ ಮುಚ್ಚುವುದಕ್ಕಾಗಲಿ ಅಧಿಕಾರವುಳ್ಳವನಲ್ಲ.

ಗಾಡಿಯೊಂದು ಹಿಂದಿನ ನಿಲ್ದಾಣದಿಂದ ಹೊರಟಿತೆನ್ನೋಣ. ಸ್ಟೇಷನ್ ಮಾಸ್ತರರು ಗೇಟಿಗೆ ಟೆಲಿಫೋನ್ ಮಾಡುತ್ತಾರೆ. ಕಾವಲುಗಾರ ರಸ್ತೆಯ ಎರಡು ಕಡೆಯೂ ನೋಡಿ, ಹಳಿಗಳ ಮೇಲೆ ಯಾರೂ ಉಳಿದಿಲ್ಲವೆಂದು ಖಚಿತಪಡಿಸಿಕೊಂಡು, ರಾಟೆಯನ್ನು ತಿರುಗಿಸಿ ಅಡ್ಡಕಂಬಗಳನ್ನು ಇಳಿಸುತ್ತಾನೆ. ಎರಡು ಕಂಬಗಳೂ ಪೂರ್ತಿಯಾಗಿ ಕೆಳಗೆ ಬಂದು ಬೀಗದಲ್ಲಿ ಕೂತ ಮೇಲೆಯೇ ಒಂದು ಬೀಗದ ಕೈ ಅದರ ಗೂಡಿನಿಂದ ಹೊರಕ್ಕೆ ಬರುತ್ತದೆ. ಅದಕ್ಕೆ ಮೊದಲು ಎಷ್ಟು ಎಳೆದರೂ ಬಾರದು. ಆ ಕೈಯನ್ನು ಅವನು ತನ್ನ ಕೊಠಡಿಯ ವಿದ್ಯುತ್ ಪೆಟ್ಟಿಗೆಯಲ್ಲಿಟ್ಟು ತಿರುಗಿಸುತ್ತಾನೆ. ಕೂಡಲೇ ತಂತಿಯ ಮೂಲಕ ನಿಲ್ದಾಣಕ್ಕೆ ಸೂಚನೆ ಹೋಗಿ, ಅಲ್ಲಿಯ ಯಂತ್ರದಲ್ಲಿ ಅದುವರೆಗೆ ಬಿಗಿದಿದ್ದ ಒಂದು ಬಂಧನ ಸಡಿಲುತ್ತದೆ. ಆ ಮೇಲೆಯೇ ಸ್ಟೇಷನ್ ಮಾಸ್ತರರು ಸಿಗ್ನಲ್ ಕೊಡುವುದು ಸಾಧ್ಯ.

ಇಷ್ಟಕ್ಕೇ ಮುಗಿಯಲಿಲ್ಲ. ಸಿಗ್ನಲ್ ಕೊಟ್ಟ ಕ್ಷಣದಿಂದ ಗೇಟಿನ ಕೊಠಡಿಯಲ್ಲಿರುವ ಬೀಗದ ಕೈ ಪೆಟ್ಟಿಗೆಯಲ್ಲಿಯೇ ಸೆರೆಯಾಗಿಬಿಡುತ್ತದೆ. ರಸ್ತೆಯ ಮೇಲೆ ಮಂತ್ರಿಗಳೇ ಬಂದು ಕಾದಿರಲಿ, ಕಾವಲುಗಾರ ಅದನ್ನು ಹೊರತೆಗೆಯಲಾರ. ಗಾಡಿ ಗೇಟನ್ನು ದಾಟಿ, ಕಟ್ಟಕಡೆಯ ಗಾಲಿಯೂ ಆಚೆಗೆ ಹೋದ ಮೇಲೆ ಸ್ಟೇಷನ್ ಮಾಸ್ತರರು ತಮ್ಮ ಕಡೆಯಿಂದ ಬಿಡುಗಡೆ ಕೊಟ್ಟಾಗಲೇ ಆ ಕೈ ಮತ್ತೆ ಅವನ ವಶಕ್ಕೆ ಬರುವುದು. ಅವಸರದಲ್ಲಿ ಸಿಗ್ನಲನ್ನು ಹಿಂದಕ್ಕೆ ತೆಗೆದುಕೊಂಡರೂ ಪ್ರಯೋಜನವಿಲ್ಲ. ಅದನ್ನು ಆಗಲೇ ನೋಡಿಬಿಟ್ಟಿರುವ ಚಾಲಕ ನಿಲ್ಲಿಸಲಾರದೆ ಮುಂದಕ್ಕೆ ಬರಬಹುದಾದ್ದರಿಂದ, ಯಂತ್ರ ಇನ್ನೂ ಕೆಲವು ನಿಮಿಷ ಕಾಯಿಸಿಯೇ ಬಿಡುಗಡೆ ಕೊಡುತ್ತದೆ.

ಒಂದು ಸನ್ನೆ ಮತ್ತೊಂದನ್ನು ಕಟ್ಟಿಹಾಕುವ ಈ ಏರ್ಪಾಡಿಗೆ ಇಂಟರ್‌ಲಾಕಿಂಗ್ ಎಂದು ಹೆಸರು. ನಾವು ಇದನ್ನು ಪರಸ್ಪರ ಬಂಧನವೆಂದು ಕರೆಯಬಹುದು. ಕವಲುಹಳಿಗಳನ್ನೂ ಕೈಮರಗಳನ್ನೂ ಒಂದಕ್ಕೊಂದು ಹೊಂದಿಸಿ ನಡೆಸುವ ಯಂತ್ರಕ್ಕೆ ಇಂಗ್ಲೆಂಡಿನ ಜಾನ್ ಸ್ಯಾಕ್ಸ್‌ಬಿ ಎಂಬಾತ ೧೮೫೬ರಲ್ಲಿ ಪೇಟೆಂಟ್ ಪಡೆದನು. ಅಲ್ಲಿಂದ ಬೆಳೆದುಬಂದ ತತ್ತ್ವವೇ ಇಂದಿಗೂ ನಡೆದಿದೆ. ಅದರ ಸಾರ ಇಷ್ಟೆ: ಮನುಷ್ಯನು ಮರೆಯಬಹುದು, ನಿದ್ರೆ ಮಾಡಬಹುದು, ಒತ್ತಾಯಕ್ಕೆ ಮಣಿಯಬಹುದು, ಆದುದರಿಂದ ಗೇಟು ಮುಚ್ಚಿದೆಯೆಂಬ ಸಂಗತಿಯನ್ನು ಅವನ ಬಾಯಿಂದ ಕೇಳಬಾರದು, ಬೀಗದಿಂದಲೇ ಕೇಳಬೇಕು.

ಗಾಡಿ ದಾಟಿತೆಂದು ಯಂತ್ರಕ್ಕೆ ತಿಳಿಯುವುದು ಹೇಗೆ? ಇದಕ್ಕೆ ಹಳಿಗಳನ್ನೇ ತಂತಿಯಂತೆ ಬಳಸುತ್ತಾರೆ. ಹಳಿಯ ಒಂದು ತುಂಡನ್ನು ಎರಡು ತುದಿಗಳಲ್ಲೂ ವಿದ್ಯುನ್ನಿರೋಧಕ ವಸ್ತುವಿನಿಂದ ಬೇರ್ಪಡಿಸಿ, ಒಂದು ತುದಿಯಲ್ಲಿ ಬ್ಯಾಟರಿಯನ್ನೂ ಇನ್ನೊಂದು ತುದಿಯಲ್ಲಿ ರಿಲೇ ಎಂಬ ವಿದ್ಯುದಯಸ್ಕಾಂತದ ಉಪಕರಣವನ್ನೂ ಜೋಡಿಸುತ್ತಾರೆ. ಹಳಿ ಬರಿದಾಗಿದ್ದಾಗ ವಿದ್ಯುತ್ತು ರಿಲೇಯನ್ನು ಎತ್ತಿಹಿಡಿದಿರುತ್ತದೆ. ಗಾಡಿ ಬಂದೊಡನೆ ಅದರ ಗಾಲಿಗಳೂ ಅಚ್ಚೂ ಎರಡು ಹಳಿಗಳನ್ನು ಕೂಡಿಸುವುದರಿಂದ ವಿದ್ಯುತ್ತು ಆ ಸುಲಭ ಹಾದಿಯಲ್ಲಿ ಹರಿದುಬಿಟ್ಟು ರಿಲೇ ಕೆಳಗೆ ಬೀಳುತ್ತದೆ. ಅಮೆರಿಕದ ವಿಲಿಯಂ ರಾಬಿನ್‌ಸನ್ ೧೮೭೨ರಲ್ಲಿ ಪೇಟೆಂಟ್ ಪಡೆದ ಈ ಉಪಾಯದ ಸೊಗಸು ಇರುವುದು ಅದು ಕೆಟ್ಟಾಗ. ಬ್ಯಾಟರಿ ಬರಿದಾಗಲಿ, ತಂತಿ ಕಡಿಯಲಿ, ಹಳಿಯೇ ಮುರಿಯಲಿ, ರಿಲೇ ಬಿದ್ದುಹೋಗಿ “ಗಾಡಿಯಿದೆ” ಎಂದೇ ತಿಳಿಸುತ್ತದೆ. ಆಗ ಗೇಟು ವ್ಯರ್ಥವಾಗಿ ಮುಚ್ಚಿರಬಹುದು. ವಿಪತ್ತಿಗೆ ದಾರಿಯಾಗಿ ತೆರೆದುಕೊಳ್ಳುವುದಿಲ್ಲ. ಈಚೆಗೆ ಅನೇಕ ಕಡೆಗಳಲ್ಲಿ ಹಾದುಹೋಗುವ ಅಚ್ಚುಗಳನ್ನು ಎಣಿಸುವ ಯಂತ್ರಗಳೂ ಇದೇ ಕೆಲಸ ಮಾಡುತ್ತಿವೆ.

ಪ್ಲಾಟ್‌ಫಾರಮ್ಮಿನ ಈಚೆ, ಆಚೆ

ಈಗ ನಮ್ಮ ಮೊದಲ ಪ್ರಶ್ನೆಗೆ ಬರೋಣ. ನಿಲ್ದಾಣವನ್ನು ಸಮೀಪಿಸುವ ಗಾಡಿಗೆ ಸಾಮಾನ್ಯವಾಗಿ ಮೂರು ಸಿಗ್ನಲುಗಳು ಎದುರಾಗುತ್ತವೆ. ಮೊದಲು ಬರುವುದು ಡಿಸ್ಟಂಟ್ ಸಿಗ್ನಲ್. ಮುಂದೆ ಏನಿದೆಯೆಂಬ ಮುನ್ಸೂಚನೆ ಅದರ ಕೆಲಸ. ಬಳಿಕ ಹೋಮ್ ಸಿಗ್ನಲ್. ನಿಲ್ದಾಣದೊಳಕ್ಕೆ ಬರಲು ಅನುಮತಿ ಕೊಡುವುದು ಅದು. ಪ್ಲಾಟ್‌ಫಾರಮ್ಮಿನ ಮುಂತುದಿಯಲ್ಲಿರುವ ಸ್ಟಾರ್ಟರ್ ಸಿಗ್ನಲ್ ಹೊರಡಲು ಅನುಮತಿ ಕೊಡತಕ್ಕದ್ದು. ನಿಲ್ಲಬೇಕಾದ ಗಾಡಿಗೆ ಹೋಮ್ ಸಿಗ್ನಲ್ ಅನುಮತಿ ಕೊಟ್ಟಿರುತ್ತದೆ, ಸ್ಟಾರ್ಟರ್ ಕೆಂಪಾಗಿರುತ್ತದೆ.

ಗೇಟು ಪ್ಲಾಟ್‌ಫಾರಮ್ಮಿನ ಈಚೆಗೆ, ಎಂದರೆ ಗಾಡಿ ಬರುವ ಕಡೆಗೆ ಇದ್ದರೆ ಸಮಸ್ಯೆ ಸರಳವಾದದ್ದು. ಗಾಡಿ ಮೊದಲು ಗೇಟನ್ನು ದಾಟಿ ಆಮೇಲೆ ನಿಲ್ಲುತ್ತದೆ. ಕೊನೆಯ ಬೋಗಿ ದಾಟಿದೊಡನೆ ಗೇಟು ತೆರೆಯಬಹುದು.

ಗೇಟು ಆಚೆಗೆ, ಎಂದರೆ ಗಾಡಿ ಹೊರಡುವ ಕಡೆಗೆ ಇದ್ದರೆ? ಗಾಡಿ ಗೇಟಿಗೆ ಮುಂಚೆಯೇ ನಿಲ್ಲುವುದರಿಂದ ಅದು ಹೊರಡುವಾಗ ಗೇಟು ಮುಚ್ಚಿದರೆ ಸಾಕೆಂದು ಮೇಲುನೋಟಕ್ಕೆ ತೋರುತ್ತದೆ. ಆದರೆ ಗಾಡಿ ನಿಂತ ಮೇಲಷ್ಟೇ ಅದು ನಿಂತಿದೆಯೆಂದು ನಮಗೆ ಗೊತ್ತು. ಹೋಮ್ ಸಿಗ್ನಲ್ ಕೊಡುವ ವೇಳೆಗೆ ಗಾಡಿ ಇನ್ನೂ ಎರಡು ಕಿಲೋಮೀಟರು ದೂರದಲ್ಲಿ ಓಡಿ ಬರುತ್ತಿದೆ. ಹಳಿ ಮಳೆಯಿಂದ ಜಾರುತ್ತಿರಬಹುದು. ಬ್ರೇಕು ಎಣಿಸಿದಷ್ಟು ಹಿಡಿಯದೆ ಹೋಗಬಹುದು. ಚಾಲಕ ದೂರವನ್ನು ತುಸು ತಪ್ಪಾಗಿ ಅಂದಾಜು ಮಾಡಬಹುದು. ಗಾಡಿ ಕೆಂಪು ದೀಪವನ್ನು ಐವತ್ತು ಮೀಟರು ಮೀರಿ ಬಂದು ನಿಂತಿತೆಂದರೆ ಆ ಐವತ್ತು ಮೀಟರಿನೊಳಗೆ ಏನಿರುತ್ತದೆ ಎಂಬುದೇ ಪ್ರಶ್ನೆ.

ಇದಕ್ಕಾಗಿ ಸ್ಟಾರ್ಟರ್ ಸಿಗ್ನಲಿನ ಆಚೆಗೂ ಒಂದಿಷ್ಟು ಹಾದಿಯನ್ನು ಬರಿದಾಗಿ ಇಟ್ಟಿರಬೇಕೆಂದು ನಿಯಮ ಮಾಡಿದ್ದಾರೆ. ಓವರ್‌ಲ್ಯಾಪ್ ಎಂದು ಕರೆಯುವ ಈ ಮೀಸಲು ದೂರ, ನಮ್ಮ ರೈಲ್ವೆಯಲ್ಲಿ ಸಾಮಾನ್ಯವಾಗಿ, ಬಹುವರ್ಣದ ದೀಪಸಿಗ್ನಲುಗಳಿರುವೆಡೆ ೧೨೦ ಮೀಟರಿಗೂ, ಎರಡೇ ಸೂಚನೆಗಳ ಹಳೆಯ ಕೈಮರಗಳಿರುವೆಡೆ ೧೮೦ ಮೀಟರಿಗೂ ಕಡಮೆಯಿರಬಾರದು. ರಸ್ತೆಯ ಗೇಟು ಈ ಮೀಸಲು ದೂರದೊಳಗೆ ಸಿಕ್ಕಿತೆಂದರೆ, ಗಾಡಿ ಅಲ್ಲಿಗೆ ಬರತಕ್ಕದ್ದಲ್ಲವಾದರೂ, ಅದನ್ನು ಒಳಕ್ಕೆ ಬರಮಾಡಿಕೊಳ್ಳುವ ಮುಂಚೆಯೇ ಗೇಟನ್ನು ಮುಚ್ಚಿ ಬೀಗ ಹಾಕಬೇಕು. ನಿಂತ ಗಾಡಿಗೂ ಗೇಟು ಮುಚ್ಚಿರುವುದರ ಗುಟ್ಟು ಇದೇ. ಅದನ್ನು ಮುಚ್ಚಿದ್ದು ನಿಂತ ಗಾಡಿಗಾಗಿ ಅಲ್ಲ, ನಿಲ್ಲದೆ ಹೋಗಬಹುದಾಗಿದ್ದ ಗಾಡಿಗಾಗಿ.

ವಾಚಕರು ಇದನ್ನು ತಮ್ಮ ಊರಿನಲ್ಲಿಯೇ ಪರೀಕ್ಷಿಸಬಹುದು. ಒಂದು ದಿಕ್ಕಿನಿಂದ ಬರುವ ಗಾಡಿಗೆ ‘ಈಚೆ’ಯಾದ ಗೇಟು ಎದುರು ದಿಕ್ಕಿನ ಗಾಡಿಗೆ ‘ಆಚೆ’ಯಾಗುತ್ತದೆ. ಆದುದರಿಂದ ಒಂದೇ ಗೇಟು, ನಿಲ್ದಾಣದಲ್ಲಿ ನಿಲ್ಲುವ ಗಾಡಿಗಳ ಪೈಕಿ ಒಂದು ದಿಕ್ಕಿನವಕ್ಕೆ ಬೇಗ ತೆರೆದು, ಇನ್ನೊಂದು ದಿಕ್ಕಿನವಕ್ಕೆ ಬಹಳ ಹೊತ್ತು ಮುಚ್ಚಿರುವುದನ್ನು ಕಾಣಬಹುದು. ಕಾವಲುಗಾರನ ಸ್ವಭಾವ ದಿಕ್ಕಿಗನುಸಾರವಾಗಿ ಬದಲಾಗುವುದಿಲ್ಲವಷ್ಟೆ!

ಎಂಟು ನಿಮಿಷದ ಲೆಕ್ಕ

ಕಾಯುವ ಹೊತ್ತು ಹೇಗೆ ಕೂಡಿಬರುತ್ತದೆಂಬುದನ್ನು ಒಂದು ಊಹೆಯ ಉದಾಹರಣೆಯಿಂದ ನೋಡೋಣ. ಗೇಟು ಮುಚ್ಚಿ, ಬೀಗದ ಕೈ ತಿರುಗಿಸಿ, ಹಾದಿಯನ್ನು ಜೋಡಿಸಿ ಸಿಗ್ನಲ್ ಕೊಡುವುದಕ್ಕೆ ಎರಡು ನಿಮಿಷ. ಚಾಲಕ ವೇಗ ತಗ್ಗಿಸದೆ ಬರಬೇಕಾದರೆ ಅವನು ಡಿಸ್ಟಂಟ್ ಸಿಗ್ನಲನ್ನು ನೋಡುವ ಮೊದಲೇ ಇಷ್ಟೂ ಮುಗಿದಿರಬೇಕು. ಅಲ್ಲಿಂದ ಪ್ಲಾಟ್‌ಫಾರಮ್ಮಿನ ಕೊನೆಗೆ ಎರಡು ಕಿಲೋಮೀಟರು. ನಿಲ್ಲಲು ಬರುವ ಗಾಡಿಯ ಸರಾಸರಿ ವೇಗ ಗಂಟೆಗೆ ೪೦ ಕಿಲೋಮೀಟರೆಂದರೆ ಮೂರು ನಿಮಿಷ. ನಿಲುಗಡೆ ಎರಡು ನಿಮಿಷ. ಹೊರಟು ಕಡೆಯ ಬೋಗಿ ಗೇಟನ್ನು ದಾಟಲು ಇನ್ನೊಂದು ನಿಮಿಷ. ಒಟ್ಟು ಎಂಟು ನಿಮಿಷ. ಅದೇ ನಿಲ್ದಾಣದಲ್ಲಿ ನಿಲ್ಲದೆ ಗಂಟೆಗೆ ೧೦೦ ಕಿಲೋಮೀಟರು ವೇಗದಲ್ಲಿ ಹಾದುಹೋಗುವ ಗಾಡಿಗೆ ನಾಲ್ಕು ನಿಮಿಷವೂ ಹಿಡಿಯದು. ನಿಧಾನವಾದ ಗಾಡಿಯೇ ರಸ್ತೆಯನ್ನು ಹೆಚ್ಚು ಹೊತ್ತು ಕಟ್ಟಿಹಾಕುತ್ತದೆ.

ಗಾಡಿ ನಿಂತ ಮೇಲಾದರೂ ಒಮ್ಮೆ ತೆರೆದು ಮತ್ತೆ ಮುಚ್ಚಬಾರದೇ ಎಂದು ಕೇಳಬಹುದು. ದೀರ್ಘಕಾಲ ನಿಲ್ಲುವ ಗಾಡಿಯಾದರೆ ಹಾಗೆ ಮಾಡುವುದುಂಟು. ಆದರೆ ಗಾಡಿ ನಿಜವಾಗಿಯೂ ನಿಂತಿತೆಂದು ಖಚಿತವಾಗುವಂತೆ, ಮೀಸಲು ದೂರದ ಬಂಧನವನ್ನು ಯಂತ್ರವು ಸಾಮಾನ್ಯವಾಗಿ ಎರಡು ನಿಮಿಷದಷ್ಟು ತಡೆದೇ ಬಿಡುತ್ತದೆ. ನಿಲುಗಡೆಯೇ ಎರಡು ನಿಮಿಷವಾದಾಗ, ಬಿಡುಗಡೆ ದೊರೆಯುವ ವೇಳೆಗೆ ಮತ್ತೆ ಮುಚ್ಚುವ ಕಾಲ ಬಂದಿರುತ್ತದೆ. ಅದಲ್ಲದೆ ಎರಡು ಕಡೆಯೂ ಒತ್ತಿ ನಿಂತ ವಾಹನಗಳು ಒಮ್ಮೆ ಹಳಿಗಳ ಮೇಲೆ ಹರಿದವೆಂದರೆ ಅವುಗಳನ್ನು ತಡೆದು ಕಂಬ ಇಳಿಸುವುದು ಎಷ್ಟು ಪ್ರಯಾಸವೆಂಬುದನ್ನು ಗೇಟಿನ ಕೆಲಸ ಮಾಡಿದವರೇ ಬಲ್ಲರು.

ಹೊರದೇಶಗಳಲ್ಲಿ ಈ ತೊಡಕನ್ನು ಬೇರೆ ಬಗೆಯಲ್ಲಿ ಬಿಡಿಸಲು ಯತ್ನಿಸಿದ್ದಾರೆ. ಬ್ರಿಟನ್ನಿನ ಕೆಲವು ಗೇಟುಗಳು ಕಾವಲುಗಾರರಿಲ್ಲದೆ, ಗಾಡಿ ಹಳಿಯ ಒಂದು ಗೊತ್ತಾದ ಜಾಗವನ್ನು ಮುಟ್ಟಿದೊಡನೆ ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಎಚ್ಚರಿಕೆಯ ದೀಪ ಹೊತ್ತಿದ ಮೇಲೆ ಗಾಡಿ ಗೇಟನ್ನು ತಲಪಲು ಕಡೆಯ ಪಕ್ಷ ೨೭ ಸೆಕೆಂಡಾದರೂ ಇರಬೇಕೆಂದು ಅಲ್ಲಿಯ ಕಟ್ಟಳೆ. ಗಂಟೆಗೆ ೧೦೦ ಕಿಲೋಮೀಟರಿನ ಗಾಡಿಗೆ ಆ ಜಾಗ ಗೇಟಿನಿಂದ ೭೫೦ ಮೀಟರು ದೂರದಲ್ಲಿರಬೇಕಾಗುತ್ತದೆ. ಆ ೭೫೦ ಮೀಟರಿನ ನಡುವೆ ಪ್ಲಾಟ್‌ಫಾರಮ್ಮು ಬಂದರೆ, ನಿಲ್ಲುವ ಗಾಡಿಗೂ ನಿಲ್ಲದ ಗಾಡಿಗೂ ಒಂದೇ ಲೆಕ್ಕ ಸಲ್ಲದು. ಆದಕಾರಣ ಇಂಥ ಕಡೆಗಳಲ್ಲಿ ಗಾಡಿ ನಿಲ್ಲುವುದೋ ಇಲ್ಲವೋ ಎಂಬುದನ್ನು ಯಂತ್ರಕ್ಕೆ ಮೊದಲೇ ತಿಳಿಸುವ ಏರ್ಪಾಡು ಮಾಡುತ್ತಾರೆ. ಅಮೆರಿಕದಲ್ಲಿ ಕಡೆಯ ಪಕ್ಷ ೨೦ ಸೆಕೆಂಡಿನ ಎಚ್ಚರಿಕೆ ಕಡ್ಡಾಯ. ಅಲ್ಲಿಯ ಕೆಲವು ಯಂತ್ರಗಳು ಗಾಡಿಯ ಚಲನೆಯನ್ನೇ ಅಳೆದು, ಅದು ನಿಂತಿತೆಂದು ಕಂಡರೆ ಕಂಬವನ್ನು ಎತ್ತಿಬಿಡುತ್ತವೆ. ಮತ್ತೆ ಕದಲಿದೊಡನೆ ಇಳಿಸುತ್ತವೆ.

ಬಂಧನವಿಲ್ಲದ ಗೇಟು

ನಮ್ಮಲ್ಲಿ ಎಲ್ಲ ಗೇಟುಗಳಿಗೂ ಸಿಗ್ನಲಿನ ಬಂಧನವಿಲ್ಲ. ಬ್ರಾಡ್‌ಗೇಜ್ ಹಾದಿಗಳಲ್ಲಿ ಕಾವಲುಗಾರರೇ ಇಲ್ಲದ ಗೇಟುಗಳನ್ನು ೨೦೧೯ರ ಜನವರಿ ಕೊನೆಯ ವೇಳೆಗೆ ಪೂರ್ತಿಯಾಗಿ ತೊಡೆದುಹಾಕಿದರು. ಆದರೆ ಕಾವಲುಗಾರನಿದ್ದೂ ಬಂಧನವಿಲ್ಲದ ಗೇಟುಗಳು ಆ ಬಳಿಕವೂ ಉಳಿದುವು. ಅಂಥ ಗೇಟುಗಳಲ್ಲಿ ಸ್ಟೇಷನ್ ಮಾಸ್ತರರೂ ಕಾವಲುಗಾರನೂ ಟೆಲಿಫೋನಿನಲ್ಲಿ ಮಾತನಾಡಿ, ಗೇಟು ಮುಚ್ಚಿದ್ದರ ಗುರುತಾಗಿ ಒಂದು ಗುಪ್ತ ಸಂಖ್ಯೆಯನ್ನು ಕೊಟ್ಟು ತೆಗೆದುಕೊಳ್ಳುತ್ತಾರೆ. ಸಂಖ್ಯೆಯನ್ನು ಪುಸ್ತಕದಲ್ಲಿ ಬರೆದುಕೊಂಡ ಮೇಲೆ ಗಾಡಿಯನ್ನು ಬಿಡುತ್ತಾರೆ. ಇಲ್ಲಿ ಸಾಕ್ಷಿ ಹೇಳುವುದು ಬೀಗವಲ್ಲ, ಮಾತು.

ಮಾತಿಗೂ ಬೀಗಕ್ಕೂ ಇರುವ ಅಂತರ ಎಷ್ಟೆಂಬುದನ್ನು ೨೦೨೫ರ ಜುಲೈ ೮ರಂದು ತಮಿಳುನಾಡಿನ ಕಡಲೂರಿಗೆ ಸಮೀಪದ ಸೆಮ್ಮಂಕುಪ್ಪದಲ್ಲಿ ನಡೆದ ದುರಂತ ತೋರಿಸಿಕೊಟ್ಟಿತು. ಅಲ್ಲಿಯ ಗೇಟಿಗೆ ಕಾವಲುಗಾರನಿದ್ದನು, ಸಿಗ್ನಲಿನ ಬಂಧನವಿರಲಿಲ್ಲ. ಗಾಡಿ ಬರುವ ಹೊತ್ತಿನಲ್ಲಿ ಶಾಲೆಯ ವ್ಯಾನೊಂದು ಹಳಿಗಳ ಮೇಲೆ ಬಂದಿತು. ಮೂವರು ವಿದ್ಯಾರ್ಥಿಗಳು ಪ್ರಾಣ ಕಳೆದುಕೊಂಡರು. ಬಂಧನವಿದ್ದ ಗೇಟಾಗಿದ್ದರೆ, ಅದು ತೆರೆದಿರುವಷ್ಟು ಹೊತ್ತೂ ಗಾಡಿಗೆ ಕೆಂಪು ದೀಪವೇ ಇರುತ್ತಿತ್ತು.

ಯಾವ ಗೇಟಿಗೆ ಬಂಧನ ಬೇಕೆಂಬುದನ್ನು ನಿರ್ಧರಿಸಲು ರೈಲ್ವೆಯವರಲ್ಲಿ ಒಂದು ಅಳತೆಯಿದೆ. ದಿನಕ್ಕೆ ಹಾಯುವ ಗಾಡಿಗಳ ಸಂಖ್ಯೆಯನ್ನು ರಸ್ತೆವಾಹನಗಳ ಎಣಿಕೆಯಿಂದ ಗುಣಿಸುತ್ತಾರೆ. ಮೋಟಾರನ್ನೂ ಎತ್ತಿನ ಗಾಡಿಯನ್ನೂ ಒಂದೊಂದಾಗಿ, ಸೈಕಲ್‌ರಿಕ್ಷಾ ಮತ್ತು ಆಟೋರಿಕ್ಷಾಗಳನ್ನು ಅರ್ಧವಾಗಿ ಎಣಿಸುವುದು ವಾಡಿಕೆ. ನಲವತ್ತು ಗಾಡಿಗಳೂ ಐನೂರು ವಾಹನಗಳೂ ಹಾಯುವ ಗೇಟಿನ ಅಂಕಿ ೨೦,೦೦೦ ಆಗುತ್ತದೆ. ಬಂಧನ ಅಳವಡಿಸಲು ಅದುವರೆಗೆ ೨೦,೦೦೦ ಇದ್ದ ಮಿತಿಯನ್ನು ೧೦,೦೦೦ಕ್ಕೆ ಇಳಿಸುವುದಾಗಿ ಆ ದುರಂತದ ತರುವಾಯ ರೈಲ್ವೆ ಆಡಳಿತ ಪ್ರಕಟಿಸಿತು.

ನುಸುಳುವವನಿಗೆ ಬಂಧನವಿಲ್ಲ

ಯಂತ್ರ ಎಷ್ಟೇ ಪರಿಪೂರ್ಣವಾಗಿದ್ದರೂ ಅದು ಕಟ್ಟಿಹಾಕುವುದು ಗೇಟನ್ನೂ ಸಿಗ್ನಲನ್ನೂ ಮಾತ್ರ. ಅಡ್ಡಕಂಬದ ಕೆಳಗೆ ನುಸುಳುವವನನ್ನು ಅದು ಅರಿಯದು. ಜೋಡಿಹಳಿಯ ನಿಲ್ದಾಣದಲ್ಲಿ ಈ ಅಪಾಯ ಇಮ್ಮಡಿಯಾಗುತ್ತದೆ. ನಿಂತ ಗಾಡಿಯನ್ನು ನೋಡಿ ಧೈರ್ಯಗೊಂಡವನಿಗೆ, ಅದರ ಮರೆಯಲ್ಲಿ ಎರಡನೆಯ ಹಳಿಯ ಮೇಲೆ ಬರುತ್ತಿರುವ ಗಾಡಿ ಕಾಣುವುದಿಲ್ಲ. ನಿಂತ ಎಂಜಿನ್ನಿನ ಸದ್ದಿನಲ್ಲಿ ಅದರ ಸದ್ದು ಕೇಳುವುದೂ ಇಲ್ಲ. ಸೈಕಲ್ಲನ್ನು ತಳ್ಳಿಕೊಂಡು ಎರಡು ಹಳಿಗಳನ್ನು ದಾಟಲು ಹತ್ತು ಸೆಕೆಂಡು ಬೇಕೆಂದರೆ, ಅಷ್ಟರಲ್ಲಿ ಗಂಟೆಗೆ ೧೦೦ ಕಿಲೋಮೀಟರು ವೇಗದ ಗಾಡಿ ೨೮೦ ಮೀಟರು ಹತ್ತಿರವಾಗಿರುತ್ತದೆ. ಒಂದು ಗಾಡಿ ಹೋದ ಮೇಲೂ ಕಂಬ ಏಳದಿದ್ದರೆ ಮತ್ತೊಂದು ಗಾಡಿ ಬರುತ್ತಿದೆಯೆಂದೇ ತಿಳಿಯುವುದು ಕ್ಷೇಮಕರ.

ಕಾವಲುಗಾರನ ಮೇಲೆ ಒತ್ತಾಯ ತರುವುದೂ ಅಷ್ಟೇ ಅಪಾಯದ್ದು. ಮುಚ್ಚಿದ ಗೇಟನ್ನು ಅಕ್ರಮವಾಗಿ ತೆರೆಯುವವರಿಗೆ ೧೯೮೯ರ ರೈಲ್ವೆ ಕಾಯಿದೆಯ ೧೬೦ನೆಯ ವಿಧಿಯಂತೆ ಮೂರು ವರ್ಷದವರೆಗೂ, ಮುರಿಯುವವರಿಗೆ ಐದು ವರ್ಷದವರೆಗೂ ಸೆರೆವಾಸ ವಿಧಿಸಬಹುದಾಗಿದೆ. ವಾಹನವೊಂದು ಹಳಿಗಳ ನಡುವೆ ಕೆಟ್ಟು ನಿಂತರೆ ಆ ಕಾವಲುಗಾರ ಕೆಂಪು ಬಾವುಟವನ್ನೋ ದೀಪವನ್ನೋ ಹಿಡಿದು ಗಾಡಿಗೆ ಎದುರಾಗಿ ಓಡಬೇಕು. ಗಾಲಿ ಹಾಯ್ದೊಡನೆ ಸಿಡಿದು ಚಾಲಕನನ್ನು ಎಚ್ಚರಿಸುವ ಮದ್ದಿನ ಬಿಲ್ಲೆಗಳನ್ನು ಹಳಿಯ ಮೇಲಿಡಬೇಕು. ಬ್ರಾಡ್‌ಗೇಜ್ ಹಾದಿಯಲ್ಲಿ ೬೦೦ ಮೀಟರಿನ ಬಳಿ ಒಂದು, ೧೨೦೦ ಮೀಟರಿನ ಬಳಿ ಹತ್ತು ಹತ್ತು ಮೀಟರಿಗೊಂದರಂತೆ ಮೂರು. ಹಗಲಾಗಲಿ ನಡುರಾತ್ರಿಯಾಗಲಿ ಒಂಟಿಯಾಗಿ ಮಾಡಬೇಕಾದ ಕೆಲಸವಿದು. ಅನೇಕ ಗೇಟುಗಳಲ್ಲಿ ಇದನ್ನು ಸ್ತ್ರೀಯರೂ ನಿರ್ವಹಿಸುತ್ತಿದ್ದಾರೆ.

ಗೇಟಿನ ಕಾಯುವಿಕೆಗೆ ಶಾಶ್ವತವಾದ ಪರಿಹಾರ ರಸ್ತೆಯನ್ನು ಹಳಿಯ ಮೇಲಿಂದಲೋ ಕೆಳಗಿಂದಲೋ ಕೊಂಡೊಯ್ಯುವುದೇ. ಸೇತುವೆಗಳು ವರ್ಷೇ ವರ್ಷೇ ಹೆಚ್ಚುತ್ತಿವೆ. ಆದರೂ ಪ್ರತಿಯೊಂದು ಊರಿಗೂ ಅವು ಬರಲು ಕಾಲ ಹಿಡಿದೀತು. ಅದುವರೆಗೆ ಗೇಟಿನ ಮುಂದೆ ನಿಂತವರು ನಿಂತ ಗಾಡಿಯ ಕಡೆಗಲ್ಲ, ಪ್ಲಾಟ್‌ಫಾರಮ್ಮಿನ ತುದಿಯ ಸ್ಟಾರ್ಟರ್ ಸಿಗ್ನಲಿನ ಕಡೆಗೆ ಒಮ್ಮೆ ಕಣ್ಣು ಹಾಯಿಸಲಿ. ಅಲ್ಲಿಂದ ತಾವು ನಿಂತ ರಸ್ತೆಗೆ ೧೨೦ ಮೀಟರಿದೆಯೇ ಎಂದು ಅಂದಾಜು ಮಾಡಲಿ. ಇಲ್ಲವೆಂದು ಕಂಡುಬಂದರೆ, ಗೇಟು ಏಕೆ ಮುಚ್ಚಿದೆಯೆಂದು ಬೇರೆ ಯಾರನ್ನೂ ಕೇಳಬೇಕಾಗಿಲ್ಲ.